ಬಿಲ್ಲಿಗೆ ಕಟ್ಟುವ ಮೀನಿನ ರೀಲ್: ಬಾಟಲಿಯದೋ, ಗುಂಡಿಯದೋ, ಕೈಸುತ್ತಿನದೋ?

ಸೇಡಂ ರೋಡ್:

ಶರಣು ಎಲ್ಲರಿಗೂ. ಕಾಕಾನ ಮಗ ಟೆಕ್ಸಾಸ್‌ನಿಂದ ಡಿಸೆಂಬರ್‌ನಲ್ಲಿ ಕಲಬುರಗಿಗೆ ಬರುತ್ತಿದ್ದಾನೆ. ಏನು ತರಲಿ ಅಂತ ಕೇಳಿದ. ಬಿಲ್ಲಿಗೆ ಕಟ್ಟುವ ಮೀನಿನ ರೀಲ್ ತಾ ಅಂದೆ. ಯಾವುದು ಅಂದ. ಅಲ್ಲಿಗೆ ನನ್ನ ಬಾಯಿ ಬಂದ್ ಆಯಿತು.

ಬಾಣಕ್ಕೆ ದಾರ ಕಟ್ಟಿ ಮೀನಿಗೆ ಹೊಡೆಯುವುದು, ಆಮೇಲೆ ದಾರ ಎಳೆದು ಮೀನು ತರುವುದು. ವಿಷಯ ಇಷ್ಟೇ. ಆದರೆ ಆ ದಾರ ಇಡುವ ರೀಲ್‌ನಲ್ಲಿ ಮೂರು ಥರ ಇವೆ. ಕೈಯಿಂದ ಸುತ್ತುವ ಡ್ರಮ್, ಬಾಟಲಿ ರೀಲ್, ಗುಂಡಿ ಒತ್ತುವ ರೀಲ್. ವಿಡಿಯೋ ನೋಡಿದರೆ ಪ್ರತಿಯೊಬ್ಬರೂ ತಮ್ಮದೇ ಬೆಸ್ಟ್ ಅನ್ನುತ್ತಾರೆ.

ನನ್ನ ಹತ್ತಿರ ಇರುವುದು 40 ಪೌಂಡಿನ (ಎಳೆಯಲು ಅಷ್ಟು ಬಲ ಬೇಕು) ಟೇಕ್‌ಡೌನ್ ರಿಕರ್ವ್, ಅಂದರೆ ಬಿಚ್ಚಿ ಜೋಡಿಸುವ, ತುದಿ ಬಾಗಿದ ಬಿಲ್ಲು. ಟಾರ್ಗೆಟ್ ಹೊಡೆಯಲು ತಗೊಂಡದ್ದು. ಜಾಗ ಅಂತ ತಲೆಯಲ್ಲಿ ಇರುವುದು ಅಫಜಲಪುರದ ಕಡೆ ಮಾವನವರ ಹೊಲದ ಕೃಷಿ ಹೊಂಡ, ಶಹಾಬಾದ್ ಹತ್ತಿರ ಗೆಳೆಯನ ಜಮೀನಿನ ಹಳೇ ಕಲ್ಲಿನ ಖಣಿ, ಇಲ್ಲಾಂದರೆ ಭೀಮಾ ನದಿ. ಎಲ್ಲಾ ಸೇರಿ 100 ಡಾಲರ್ ಒಳಗೆ ಮುಗಿಯಬೇಕು. ತಮ್ಮ ನನ್ನ ಹತ್ತಿರ ದುಡ್ಡು ತಗೊಳ್ಳುವುದಿಲ್ಲ, ಅದಕ್ಕೇ ಜಾಸ್ತಿ ಕೇಳಲು ಸಂಕೋಚ.

ಆಳಂದ–ಹ್ಯೂಸ್ಟನ್:

ತಮ್ಮಾ, ನಾನು ಆಳಂದದವನು, ಈಗ ಹ್ಯೂಸ್ಟನ್‌ನಲ್ಲಿ ಇದ್ದೇನೆ. ಇಲ್ಲಿ ದೋಣಿಗೆ ಲೈಟ್ ಕಟ್ಟಿಕೊಂಡು ರಾತ್ರಿ ಬಿಲ್ಲು ಹಿಡಿದು ಹೋಗುವವರ ಜೊತೆ ನಾನೂ ಹೋಗುತ್ತೇನೆ. ಮೂರೂ ರೀಲ್ ಬಳಸಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡ.

ಕೈಸುತ್ತಿನದು ಅಂದರೆ ಪತಂಗದ (ಗಾಳಿಪಟದ) ಚರಖಿಯ ಚಿಕ್ಕಪ್ಪನ ಮಗ ಅಂತ ತಿಳ್ಕೋ. ಒಂದು ಅಗಲವಾದ ಡ್ರಮ್, ಅಷ್ಟೇ. ಬಿಲ್ಲಿನ ಮುಂದೆ ಸ್ಟೆಬಿಲೈಸರ್ (ಬಿಲ್ಲು ಅಲುಗದ ಹಾಗೆ ಹಾಕುವ ಕೋಲು) ಕೂರಿಸುವ ತೂತು ಇರುತ್ತದಲ್ಲ, ಅಲ್ಲಿಗೆ ತಿರುಪಿ ಕೂರಿಸುತ್ತಾರೆ. ದಾರ ಕೈಯಿಂದ ಸುತ್ತಬೇಕು. ಬಾಣ ಹೋದಾಗ ಡ್ರಮ್ ತಿರುಗುವುದಿಲ್ಲ, ದಾರ ಅದರ ಮುಂದಿನ ಅಂಚಿನಿಂದ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಮೀನು ಬಿದ್ದರೆ ಕೈಯಲ್ಲಿ ಎಳೆದುಕೊಳ್ಳಬೇಕು, ಮತ್ತೆ ಸುತ್ತಬೇಕು. ನಿಧಾನ. ಆದರೆ ಕೆಡಲು ಅದರಲ್ಲಿ ಏನೂ ಇಲ್ಲ. 20–30 ಡಾಲರ್ ಆಸುಪಾಸು ಸಿಗುತ್ತದೆ.

ಬಾಟಲಿ ರೀಲ್ ಬೇರೆ ಕಥೆ. ಎಎಂಎಸ್ ಕಂಪನಿಯ ರಿಟ್ರೀವರ್ ಅಂದರೆ ಇದೇ. ಇದರಲ್ಲಿ ದಾರ ಸುತ್ತುವ ಸ್ಪೂಲ್ ಇಲ್ಲ. ಪ್ಲಾಸ್ಟಿಕ್ ಬಾಟಲಿಯೊಳಗೆ ದಾರ ಸುಮ್ನೆ ರಾಶಿ ಬಿದ್ದಿರುತ್ತದೆ. ಬಾಣ ಬಿಟ್ಟರೆ ಯಾವ ತಡೆಯೂ ಇಲ್ಲದೆ ಹೊರಗೆ ಹೋಗುತ್ತದೆ. ವಾಪಸ್ ತರಲು ಟ್ರಿಗರ್ ಎಳೆದು ಹಿಡಿದು ಹ್ಯಾಂಡಲ್ ತಿರುಗಿಸಬೇಕು. ಆಗ ಒಳಗಿನ ಚಕ್ರಗಳು ದಾರವನ್ನು ಅಮುಕಿ ಹಿಡಿದು ಬಾಟಲಿಗೆ ತುಂಬುತ್ತವೆ. ಟ್ರಿಗರ್ ಬಿಟ್ಟರೆ ದಾರ ಮತ್ತೆ ಫ್ರೀ. ಬಾಣ ಬಿಡುವ ಮೊದಲು ಏನನ್ನೂ ಒತ್ತಬೇಕಿಲ್ಲ, ಏನನ್ನೂ ನೆನಪಿಡಬೇಕಿಲ್ಲ. ಇದರ ಬೆಲೆ 100 ಡಾಲರ್ ಸುತ್ತಮುತ್ತ. ದೊಡ್ಡ ಮೀನು ಜಗ್ಗಿದರೆ ಈ ರೀಲ್ ಜಗ್ಗಾಟಕ್ಕೆ ಬರುವುದಿಲ್ಲ. ದಾರವನ್ನು ಕೈಯಲ್ಲಿ ಹಿಡಿದು ಎಳೆಯಬೇಕು, ಅದಕ್ಕೆ ಗ್ಲೌಸ್ ಬೇಕು.

ಗುಂಡಿ ಒತ್ತುವುದು ಅಂದರೆ ಮುಚ್ಚಿದ ಮುಖದ ಸ್ಪಿನ್‌ಕಾಸ್ಟ್. ಮಜ್ಜಿ ಕಂಪನಿಯದು ತುಂಬಾ ಜನ ಇಟ್ಟುಕೊಂಡಿದ್ದಾರೆ. ದಾರ ಬೇಗ ಬೇಗ ಒಳಗೆ ಬರುತ್ತದೆ, ಡ್ರ್ಯಾಗ್ (ಮೀನು ಜೋರಾಗಿ ಜಗ್ಗಿದರೆ ದಾರ ಸ್ವಲ್ಪ ಸ್ವಲ್ಪ ಬಿಡುವ ಬಿಗಿ) ಇದೆ, ಮೀನನ್ನು ರೀಲ್‌ನಲ್ಲೇ ಆಡಿಸಬಹುದು. ಒಂದೇ ಷರತ್ತು: ಪ್ರತಿ ಸಲ ಬಾಣ ಬಿಡುವ ಮೊದಲು ಗುಂಡಿ ಒತ್ತಿ ದಾರ ಬಿಡಿಸಿಕೊಂಡಿರಬೇಕು. ಮರೆತರೆ ದಾರ ಲಾಕ್ ಆಗಿರುತ್ತದೆ, ಬಾಣ ಪೂರ್ತಿ ವೇಗದಲ್ಲಿ ಹೋಗಿ ಥಟ್ ಅಂತ ನಿಲ್ಲುತ್ತದೆ. ಆಗ ಒಂದೋ ದಾರ ತುಂಡು, ಇಲ್ಲವೋ ಬಾಣ ನಿನ್ನ ಕಡೆಗೇ ವಾಪಸ್. ನಮ್ಮ ದೋಣಿಯಲ್ಲೇ ಒಬ್ಬರಿಗೆ ಹೀಗಾಗಿ ದಾರ ಹರಿದು ಬಾಣ ಕೆರೆ ಪಾಲಾಯಿತು. ಅಷ್ಟಕ್ಕೇ ಮುಗಿಯಿತಲ್ಲ ಅಂತ ಎಲ್ಲರೂ ಉಸಿರು ಬಿಟ್ಟೆವು.

ನಿನ್ನ ಬಿಲ್ಲಿಗೆ ಪಕ್ಕದಲ್ಲಿ ಸೈಟ್ (ಗುರಿ ನೋಡುವ ಸಾಧನ) ಕೂರಿಸುವ ತೂತು ಇವೆಯಾ ನೋಡಿ ಹೇಳು. ಬಾಟಲಿ ರೀಲ್ ಸಾಮಾನ್ಯವಾಗಿ ಅಲ್ಲಿಗೇ ಕೂರುವುದು.

ಭೀಮಾ ದಂಡೆ:

ರೀಲ್ ಆಮೇಲೆ ನೋಡೋಣ ತಮ್ಮಾ. ಮೀನು ಕಾಣುತ್ತದಾ ಅಂತ ಮೊದಲು ಕೇಳು.

ನಮ್ಮದು ಹರಗೋಲು, ಬಲೆ ಹಿಡಿದ ಮನೆತನ. ಭೀಮಾ ನೀರು ಮಳೆ ಶುರುವಾದ ಮೇಲೆ ಕರಿ ಮಣ್ಣು ಕಲಸಿಕೊಂಡು ಬರುತ್ತದೆ. ಅಂಗೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ, ಮೀನೆಲ್ಲಿ ಕಾಣಬೇಕು? ದೀಪಾವಳಿ ದಾಟಿದ ಮೇಲೆ ಬ್ಯಾರೇಜ್ ಹಿಂದೆ ನಿಂತ ನೀರು ಸ್ವಲ್ಪ ತಿಳಿಯಾಗುತ್ತದೆ. ಆದರೂ ಹಸಿರು. ಬಲೆಗೆ, ಗಾಳಕ್ಕೆ ಇದು ಏನೂ ತೊಂದರೆ ಇಲ್ಲ. ಬಾಣಕ್ಕೆ ಕಣ್ಣು ಬೇಕು.

ಇನ್ನೊಂದು, ದಂಡೆಯ ಹತ್ತಿರ ಎಲ್ಲಾ ಕಡೆ ನಮ್ಮವರು ಬಲೆ ಕಟ್ಟಿರುತ್ತಾರೆ. ಮೇಲಿನಿಂದ ಒಂದು ಥರ್ಮಾಕೋಲ್ ತುಂಡು ತೇಲುವುದು ಬಿಟ್ಟರೆ ಏನೂ ಕಾಣುವುದಿಲ್ಲ. ನಿನ್ನ ಬಾಣದ ಮುಳ್ಳು ಆ ಬಲೆಗೆ ಸಿಕ್ಕಿ ನೀನು ಜಗ್ಗಿದರೆ, ಬಲೆ ಕಟ್ಟಿದವನು ನಿನ್ನನ್ನು ಜಗ್ಗುತ್ತಾನೆ. ಒಂದು ಬಲೆಗೆ ಎಷ್ಟು ರೊಕ್ಕ ಬೀಳುತ್ತದೆ ಗೊತ್ತಲ್ವಾ?

ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ನದಿ ಏರುತ್ತದೆ. 2020ರ ಅಕ್ಟೋಬರ್ ಪ್ರವಾಹ ನೆನಪಿದೆಯಲ್ಲ. ಮೊಣಕಾಲುದ್ದ ನೀರಲ್ಲಿ ಬಿಲ್ಲು ಎಳೆದು ನಿಂತವನಿಗೆ ನೀರು ಏರಿದ್ದು ಗೊತ್ತಾಗುವುದು ತಡ.

ಸೇಡಂ ರೋಡ್:

ಕಾಕಾ, ನದಿ ಪಟ್ಟಿಯಿಂದ ತೆಗೆದೆ. ಬಲೆ ಹರಿದು ಜಗಳ ಯಾರಿಗೆ ಬೇಕು.

ಹ್ಯೂಸ್ಟನ್ ಅಣ್ಣಾ, ಬಿಲ್ಲು ನೋಡಿದೆ. ಮುಂದೆ ಹಿಡಿಯ ಕೆಳಗೆ ಒಂದೇ ಒಂದು ಹಿತ್ತಾಳೆಯ ತಿರುಪಿನ ತೂತು ಇದೆ. ಪಕ್ಕದಲ್ಲಿ ಏನೂ ಇಲ್ಲ, ಬರೀ ಕಟ್ಟಿಗೆ.

ಬೀದರ್ ಮೀನು ಮೇಷ್ಟ್ರು:

ನಾನು ಮೀನುಗಾರಿಕೆ ಓದಿದವನು. ಓದಲು ಮಂಗಳೂರಿಗೆ ಹೋಗಿದ್ದೆ. ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನಲ್ಲಿ, ಮೀನಿನ ಕಾಲೇಜು ಇರುವುದು ಸಮುದ್ರದ ಹತ್ತಿರ. ಇರಲಿ.

ಟೆಕ್ಸಾಸ್ ವಿಡಿಯೋ ನೋಡಿ ಇಲ್ಲೂ ಹಾಗೇ ಅಂತ ಹೊರಡಬೇಡಿ. ಅಲ್ಲಿ ಅದಕ್ಕೆ ನಿಯಮ ಬರೆದಿಟ್ಟಿದ್ದಾರೆ, ಮೀನು ಹಿಡಿಯುವ ಲೈಸೆನ್ಸ್ ಇದೆ. ನಮ್ಮಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕರ್ನಾಟಕ ಕಾಯ್ದೆ ಇದೆ. ಕೆರೆ, ಜಲಾಶಯಗಳ ಮೀನಿನ ಹಕ್ಕು ಗುತ್ತಿಗೆ ಇಲ್ಲವೇ ಲೈಸೆನ್ಸ್ ಮೇಲೆ ಹೋಗುತ್ತದೆ. ಸಹಕಾರ ಸಂಘದವರು ಕಾಸು ಕೊಟ್ಟು ಮರಿ ಬಿಟ್ಟಿರುತ್ತಾರೆ. ಕಾರಂಜಾ ಇರಲಿ, ಬೆಣ್ಣೆತೊರೆ ಇರಲಿ, ಅಲ್ಲಿ ಬಾಣ ಹಿಡಿದು ನಿಂತರೆ ಅವರ ಫಸಲಿಗೆ ಕೈ ಹಾಕಿದ ಹಾಗೆ. ಚಿಂಚೋಳಿ ಅಭಯಾರಣ್ಯ, ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ, ಇವುಗಳ ಹೆಸರನ್ನೇ ಎತ್ತಬೇಡಿ.

ಬಿಲ್ಲು–ಬಾಣಕ್ಕೆ ಅನುಮತಿ ಇದೆಯಾ ಇಲ್ಲವಾ ಅಂತ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳಿ, ಬರಹದಲ್ಲಿ ಉತ್ತರ ತಗೊಳ್ಳಿ. ಪಟ್ಟಾ ಜಮೀನು ಆದರೂ ಕೇಳಿಕೊಳ್ಳುವುದು ಒಳ್ಳೆಯದು.

ನನ್ನ ನಿಜವಾದ ಚಿಂತೆ ಬೇರೆ. ಗಾಳಕ್ಕೆ ಬೇರೆ ಏನಾದರೂ ಸಿಕ್ಕರೆ ಬಿಡಿಸಿ ನೀರಿಗೆ ಬಿಡಬಹುದು. ಬಾಣಕ್ಕೆ ಸಿಕ್ಕಿದ್ದನ್ನು ಬಿಡಲು ಬರುವುದಿಲ್ಲ. ಕಲಕಿದ ನೀರಿನಲ್ಲಿ ಒಂದು ದುಂಡನೆ ನೆರಳು ಅಲುಗಾಡಿದರೆ ಅದು ಗೆಂಡೆಯೋ ಆಮೆಯೋ? ನಮ್ಮ ಹೊಂಡ, ಕೆರೆಗಳಲ್ಲಿ ಮೆತ್ತನೆ ಚಿಪ್ಪಿನ ಆಮೆ ಸಾಮಾನ್ಯ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಮೊದಲನೇ ಶೆಡ್ಯೂಲ್, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿ. ಕೃಷ್ಣಾ ಕಡೆ ಹೋದರೆ ಮೊಸಳೆ, ನೀರುನಾಯಿ ಕೂಡ ಇವೆ. ಕಣ್ಣಿಗೆ ಮೀನು ಅಂತ ಪಕ್ಕಾ ಆಗುವವರೆಗೂ ಬೆರಳು ಸಡಿಲಿಸುವಂತಿಲ್ಲ.

ಯಾದಗಿರಿ ಗಾಳ:

ಮೇಷ್ಟ್ರೇ, ಹುಡುಗ ರೀಲ್ ಕೇಳಿದ, ನೀವು ಜೈಲು ತೋರಿಸಿದಿರಿ. 😄

ನನ್ನದೊಂದು ಪ್ರಶ್ನೆ. ನಾನು ಗುರುಸಣಗಿ ಕಡೆ ರಾಡ್ ಹಾಕುವವನು. ಮನೆಯಲ್ಲಿ ಸಾದಾ ಸ್ಪಿನ್ನಿಂಗ್ ರೀಲ್ ಬಿದ್ದಿದೆ. ಅದನ್ನೇ ಬಿಲ್ಲಿಗೆ ಕಟ್ಟಿದರೆ ಏನಾಗುತ್ತದೆ? ಅಮೆರಿಕಾದಿಂದ ತರಿಸುವ ದರ್ದು ಏನು?

ಮತ್ತೆ, ಗುಂಡಿ ರೀಲ್‌ಗೆ ಹ್ಯೂಸ್ಟನ್ ಅಣ್ಣ ಇಷ್ಟು ಹೆದರಿಸುವುದು ಯಾಕೆ? ರಾಡ್ ಬೀಸುವಾಗ ನಾವು ಪ್ರತಿ ಸಲ ಬೇಲ್ (ರೀಲ್‌ನ ದಾರ ತಡೆಯುವ ತಂತಿ) ತೆರೆಯುವುದಿಲ್ವಾ? ಅಭ್ಯಾಸ ಆದರೆ ಕೈ ತಾನೇ ಮಾಡುತ್ತದೆ. ಬೇಗ ದಾರ ಬಂದರೆ ಬೇಗ ಎರಡನೇ ಬಾಣ. ಬಾಟಲಿ, ಡ್ರಮ್ ಅಂತ ಕೂತರೆ ಮೀನು ಊರು ಸೇರಿರುತ್ತದೆ.

ಆಳಂದ–ಹ್ಯೂಸ್ಟನ್:

ಗಾಳ ಅಣ್ಣಾ, ಒಳ್ಳೇ ಪ್ರಶ್ನೆ.

ಸಾದಾ ರೀಲ್ ಬೇಡ. ತೊಂದರೆ ದಾರದ್ದು. ನಿಮ್ಮ ರಾಡ್‌ನಲ್ಲಿ ಇರುವುದು 20 ಪೌಂಡೋ 30 ಪೌಂಡೋ ತಡೆಯುವ ಲೈನ್. ರಾಡ್ ಬಾಗುತ್ತದೆ, ಡ್ರ್ಯಾಗ್ ಬಿಟ್ಟುಕೊಡುತ್ತದೆ, ಹಾಗಾಗಿ ದೊಡ್ಡ ಮೀನೂ ಬರುತ್ತದೆ. ಬಿಲ್ಲಿನಲ್ಲಿ ಬಾಗುವ ರಾಡ್ ಇಲ್ಲ. ಮೀನಿನ ಬಾಣ ಗಟ್ಟಿ ಫೈಬರ್‌ಗ್ಲಾಸ್. ಟಾರ್ಗೆಟ್‌ಗೆ ಹೊಡೆಯುವ ಕಾರ್ಬನ್ ಬಾಣ 20–25 ಗ್ರಾಂ ಇದ್ದರೆ ಇದು ಹೆಚ್ಚುಕಡಿಮೆ 90 ಗ್ರಾಂ. ಅಷ್ಟು ಭಾರ ಓಡಿ ಹೋಗಿ ದಾರದ ತುದಿಗೆ ಬಂದಾಗ ಬೀಳುವ ಏಟು ಮೀನಿನ ಜಗ್ಗಾಟಕ್ಕಿಂತ ದೊಡ್ಡದು. ಮೇಲಾಗಿ ಬಾಣ ಕೆಸರಿಗೆ, ಬೇರಿಗೆ ನೆಟ್ಟುಕೊಂಡರೆ ಕಿತ್ತು ತರಬೇಕು. ಅದಕ್ಕೇ ಇಲ್ಲಿ ಎರಡು ಕಿಲೋ ಮೀನಿಗೂ 200 ಪೌಂಡ್ ತಡೆಯುವ ಹೆಣೆದ ದಾರ ಹಾಕುತ್ತಾರೆ. ದಪ್ಪ ಇದ್ದರೆ ಕೈಯಲ್ಲಿ ಎಳೆಯುವಾಗ ಬೆರಳು ಕೊಯ್ಯುವುದೂ ಇಲ್ಲ. ಆ ದಪ್ಪ ದಾರ ನಿಮ್ಮ ಚಿಕ್ಕ ಸ್ಪೂಲಿನಲ್ಲಿ ಎಷ್ಟು ಗಜ ಹಿಡಿಯುತ್ತದೆ? ಹಿಡಿದರೂ ಬಾಣದ ವೇಗಕ್ಕೆ ಸಲೀಸಾಗಿ ಬಿಚ್ಚಿಕೊಳ್ಳಬೇಕಲ್ಲ.

ಗುಂಡಿ ರೀಲ್ ಬಗ್ಗೆ. ನಿಮ್ಮ ಮಾತು ನಮ್ಮ ದೋಣಿಯ ಮೇಲೆ ಸರಿ. ಲೈಟ್ ಹಾಕಿದರೆ ಸಾಲು ಸಾಲು ಗೆಂಡೆ ಕಾಣುತ್ತವೆ, ಎರಡನೇ ಬಾಣಕ್ಕೆ ಅರ್ಜೆಂಟ್ ಇರುತ್ತದೆ. ಇಲ್ಲಿ ಪಂದ್ಯಕ್ಕೆ ಹೋಗುವವರು ತುಂಬಾ ಜನ ಅದನ್ನೇ ಇಡುತ್ತಾರೆ. ಆದರೆ ರಾಡ್ ಬೀಸುವಾಗ ಬೇಲ್ ಮರೆತರೆ ಗಾಳ ಕಳೆಯುತ್ತದೆ, ಅಷ್ಟೇ. 40 ಪೌಂಡಿನ ಬಿಲ್ಲಿನಲ್ಲಿ ಗುಂಡಿ ಮರೆತರೆ ಮುಖದ ಮುಂದೆ ಇರುವುದು ಮುಳ್ಳಿನ ಬಾಣ. ನಮ್ಮ ಹುಡುಗನಿಗೆ ಹೇಳಿಕೊಡಲು ಪಕ್ಕದಲ್ಲಿ ಯಾರೂ ಇಲ್ಲ. ಒಬ್ಬನೇ ಕಲಿಯುವವನಿಗೆ ಮರೆಯಲು ಅವಕಾಶವೇ ಇಲ್ಲದ ರೀಲ್ ಕೊಡಬೇಕು ಅನ್ನುವುದು ನನ್ನ ವಾದ.

ಇಲ್ಲಿನ ಸಾಮಾನು ಯಾವ ಮೀನಿಗೆ ಮಾಡಿದ್ದು ಅಂತಲೂ ನೋಡಿ. ಟೆಕ್ಸಾಸ್‌ನಲ್ಲಿ ಅಲಿಗೇಟರ್ ಗಾರ್ ಅಂತ ಇದೆ, ಆರು ಅಡಿ ದಾಟಿ ಬೆಳೆಯುತ್ತದೆ. ಅಂಥದ್ದಕ್ಕೆ ಇನ್ನೂ ದಪ್ಪ ದಾರ, ದಾರದ ತುದಿಗೆ ತೇಲುವ ಬುಂಡೆ, ಏನೇನೋ ಕಟ್ಟುತ್ತಾರೆ. ಕಲಬುರಗಿಯಲ್ಲಿ ಅರ್ಧ ಕಿಲೋ ಜಿಲೇಬಿ (ತಿಲಾಪಿಯಾ) ಮೀನಿಗೆ ಅವೆಲ್ಲ ಯಾಕೆ?

ವಾಡಿ ಜಂಕ್ಷನ್:

ಖಣಿ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಶಹಾಬಾದ್, ವಾಡಿ, ಚಿತ್ತಾಪುರ ಸುತ್ತ ಫರ್ಸಿ (ಹಾಸುಗಲ್ಲು) ತೆಗೆದು ಬಿಟ್ಟ ಹಳೇ ಖಣಿಗಳಲ್ಲಿ ನೀರು ನಿಂತಿದೆ. ನಮ್ಮ ಭಾಗದಲ್ಲಿ ಮೀನು ಕಣ್ಣಿಗೆ ಬೀಳುವ ನೀರು ಇದ್ದರೆ ಇದೇ. ಮಳೆ ನಿಂತು ಒಂದೆರಡು ತಿಂಗಳಾದರೆ ಮಣ್ಣು ಕೆಳಗೆ ಕೂತು, ಕಲ್ಲಿನ ಪದರ ಪದರ ಕಾಣುತ್ತದೆ. ಮೇಲಿನ ಮೆಟ್ಟಿಲಿನ ಮೇಲೆ ಎರಡು ಮೂರು ಅಡಿ ನೀರು, ಅದರಾಚೆ ಒಮ್ಮೆಲೇ ಇಪ್ಪತ್ತು ಅಡಿ ಇದ್ದರೂ ಇರಬಹುದು.

ಆ ಮೇಲಿನ ಮೆಟ್ಟಿಲಿನಲ್ಲಿ ಸ್ವಲ್ಪ ಮಣ್ಣು ಕೂತ ಕಡೆ ಜಿಲೇಬಿ ಮೀನು ಗೂಡು ಮಾಡುತ್ತದೆ. ಗಂಡು ಮೀನು ಬಾಯಿಂದ ಮಣ್ಣು ಎತ್ತಿ ಎತ್ತಿ ಉಗುಳಿ ದುಂಡನೆ ತಗ್ಗು ತೋಡುತ್ತದೆ. ಸುತ್ತ ಮಣ್ಣು ಕಂದು, ನಡುವೆ ಮಾತ್ರ ಕಲ್ಲು ತೊಳೆದ ಹಾಗೆ ಬೆಳ್ಳಗೆ. ಕಪ್ಪಗಿನ ಮೀನು ಅದರ ಮೇಲೆ ರೆಕ್ಕೆ ಆಡಿಸುತ್ತಾ ನಿಂತಿರುತ್ತದೆ. ಇನ್ನೊಂದು ಮೀನು ಹತ್ತಿರ ಬಂದರೆ ಓಡಿಸಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ನೆರಳು ಬಿದ್ದರೆ ಓಡುತ್ತದೆ, ಸುಮ್ಮನೆ ನಿಂತರೆ ವಾಪಸ್ ಬರುತ್ತದೆ. ಬಿಲ್ಲಿಗೆ ಇದಕ್ಕಿಂತ ಒಳ್ಳೇ ಮೀನು ಇಲ್ಲ. ಹೊರಗಿನಿಂದ ಬಂದ ಜಾತಿ, ಬೇಗ ಬೇಗ ಹೆಚ್ಚಿ ಉಳಿದ ಮೀನಿನ ಮೇವು ತಿನ್ನುತ್ತದೆ, ಅದಕ್ಕೇ ತೆಗೆದರೆ ಯಾರೂ ಅಳುವುದಿಲ್ಲ.

ಈಗ ಕಷ್ಟ ಕೇಳಿ. ಕೆಳಗೆ ಕಲ್ಲು. ತಪ್ಪಿದ ಬಾಣ ಫರ್ಸಿಗೆ ಬಡಿದರೆ ಮೊನೆ ಮೊಂಡಾಗುತ್ತದೆ, ಫೈಬರ್ ಬಾಣ ಸೀಳುತ್ತದೆ. ಸೀಳಿದ ಬಾಣ ಮತ್ತೆ ಏರಿಸಬಾರದು, ಚೂರು ಕೈಗೆ ನೆಡುತ್ತದೆ. ಎರಡು ಪದರದ ಸಂದಿಗೆ ಸಿಕ್ಕಿಕೊಂಡರೆ ಜಗ್ಗುತ್ತೀರಿ. ಆಗ ದಾರ ಕಲ್ಲಿನ ಅಂಚಿಗೆ ಉಜ್ಜುತ್ತದೆ. ಫರ್ಸಿ ಅಂಚು ಚಾಕು ಇದ್ದ ಹಾಗೆಯೇ ಅಂತ ಕಲ್ಲು ಹೊತ್ತವರಿಗೆ ಗೊತ್ತು. ಹಾಗಾಗಿ ನನ್ನ ಲೆಕ್ಕದಲ್ಲಿ ಅಲ್ಲಿ ರೀಲ್‌ಗಿಂತ ದಾರ ಮುಖ್ಯ, ದಾರಕ್ಕಿಂತ ಹೆಚ್ಚುವರಿ ಬಾಣ ಮುಖ್ಯ.

ಕೈಗೆ ದಾರ ಸುತ್ತಿಕೊಂಡು ಮಾತ್ರ ಜಗ್ಗಬೇಡಿ. ಒಂದು ಕಟ್ಟಿಗೆಗೆ ಸುತ್ತಿ, ಮುಖ ಆ ಕಡೆ ತಿರುಗಿಸಿ ಜಗ್ಗಿ. ಸಡನ್ನಾಗಿ ಬಿಟ್ಟುಕೊಂಡರೆ ಬಾಣ ಹಾರಿ ಬರುತ್ತದೆ. ಖಣಿಯ ಅಂಚಿಗೆ ಒಬ್ಬರೇ ಹೋಗಬೇಡಿ, ಈಜು ಬರುವವರು ಜೊತೆಗಿರಲಿ. ಬಿದ್ದರೆ ಹತ್ತಿ ಬರಲು ಇಳಿಜಾರೇ ಇರುವುದಿಲ್ಲ.

ಅಫಜಲಪುರ ರೈತ:

ಕೃಷಿ ಹೊಂಡದ ಬಗ್ಗೆ ಯಾರೂ ಹೇಳಲಿಲ್ಲ. ಸೇಡಂ ರೋಡ್ ತಮ್ಮಾ, ನಿಮ್ಮ ಮಾವನವರ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿದ್ದಾರಾ?

ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ ಎಷ್ಟೋ ಹೊಂಡಗಳಿಗೆ ಹಾಳೆ ಹಾಸಿದೆ, ನಮ್ಮದಕ್ಕೂ ಇದೆ. ಹಾಳೆಯ ಮೇಲೆ ನಾಯಿ ಇಳಿದರೂ ನಮಗೆ ಜೀವ ಹೋಗುತ್ತದೆ, ಉಗುರು ತಾಗಿ ಹರಿಯುತ್ತದೆ ಅಂತ. ಸುತ್ತ ಬೇಲಿ ಹಾಕಿದ್ದೇ ಅದಕ್ಕೆ. ಅಲ್ಲಿ ನೀವು ಮುಳ್ಳಿನ ಬಾಣ ಬಿಡುತ್ತೀರಾ? ಮೀನು ಅಷ್ಟು ತೆಳ್ಳಗೆ ಇರುತ್ತದೆ, ಬಾಣ ತೂರಿಕೊಂಡು ಹೋಗಿ ಹಾಳೆಗೆ ನೆಡುತ್ತದೆ. ಮುಳ್ಳು ಹಿಂದಕ್ಕೆ ಬರುವಾಗ ತೂತು ಇನ್ನೂ ದೊಡ್ಡದಾಗುತ್ತದೆ. ನೀರು ಒಂದು ವಾರದಲ್ಲಿ ಇಳಿದರೆ ತೊಗರಿಗೆ ಕೊಡುವ ಒಂದು ನೀರು ಹೋಯಿತು. ಮಾವ ನಿಮಗೆ ಊಟ ಹಾಕುವುದಿಲ್ಲ, ನೋಡಿ.

ಜಿಲೇಬಿ ಮೀನು ಜಾಸ್ತಿ ಆಗಿದ್ದರೆ ಬೀಸು ಬಲೆ ಎರಡು ಸಲ ಬೀಸಿ. ಬಲೆಯ ಗುಂಡು ಸೀಸದ್ದು, ನಯವಾಗಿರುತ್ತದೆ, ಹಾಳೆಗೆ ಏನೂ ಆಗುವುದಿಲ್ಲ.

ಸೇಡಂ ರೋಡ್:

ಮಾವನವರಿಗೆ ಫೋನ್ ಮಾಡಿದೆ. ಹಾಳೆ ಇದೆ. ಬಾಣ ಅಂದ ಕೂಡಲೇ ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹೊಂಡವೂ ಹೋಯಿತು.

ಉಳಿದದ್ದು ಖಣಿ. ಗೆಳೆಯನ ಅಪ್ಪನ ಹೆಸರಿನ ಪಟ್ಟಾ ಜಮೀನು. ಮೇಷ್ಟ್ರು ಹೇಳಿದ ಹಾಗೆ ಕಚೇರಿಗೆ ಅರ್ಜಿ ಕೊಡುತ್ತೇನೆ, ಉತ್ತರ ಬರುವವರೆಗೂ ಬಿಲ್ಲು ಮನೆಯಲ್ಲೇ.

ಈಗ ಎರಡು ಪ್ರಶ್ನೆ. ಬಾಟಲಿಯದು ನನ್ನ ಬಿಲ್ಲಿಗೆ ಕೂರುವುದೇ ಇಲ್ಲವಾ? ಮತ್ತೆ ನೀರಿನಲ್ಲಿ ಮೀನು ಕಾಣುವ ಕಡೆ ಇರುವುದಿಲ್ಲ ಅಂತಾರಲ್ಲ, ಎಷ್ಟು ಕೆಳಗೆ ಹೊಡೆಯಬೇಕು?

ಆಳಂದ–ಹ್ಯೂಸ್ಟನ್:

ಬಾಟಲಿ ಕೂರಿಸಬಹುದು. ಸ್ಟೆಬಿಲೈಸರ್ ತೂತಿಗೆ ಹಾಕುವ ಅಡಾಪ್ಟರ್ ಬೇರೆ ಸಿಗುತ್ತದೆ. ಆದರೆ ರೀಲ್, ಅಡಾಪ್ಟರ್ ಸೇರಿದರೆ ನಿನ್ನ 100 ಡಾಲರ್ ಅಲ್ಲಿಗೇ ಮುಗಿಯಿತು. ಬಾಣಕ್ಕೆ ದುಡ್ಡಿಲ್ಲ. ವಾಡಿಯವರು ಹೇಳಿದ್ದು ಓದಿದ ಮೇಲೆ ನನಗಂತೂ ಸಂಶಯವೇ ಉಳಿದಿಲ್ಲ. ಕೈಸುತ್ತಿನ ಡ್ರಮ್ ತರಿಸು. ಆ ಹಿತ್ತಾಳೆ ತೂತಿಗೆ ನೇರ ಕೂರುತ್ತದೆ. ಅಮೆರಿಕಾದ ಬಿಲ್ಲುಗಳಲ್ಲಿ ಆ ತಿರುಪಿನ ಅಳತೆ ಸಾಮಾನ್ಯವಾಗಿ ಒಂದೇ, ಐದು ಹದಿನಾರಂಶ ಇಂಚು, ಇಂಚಿಗೆ 24 ಸುತ್ತು. ಬೇರೆ ದೇಶದ ಬಿಲ್ಲು ಇರಬಹುದು, ಒಂದು ಬೋಲ್ಟ್ ಹಾಕಿ ಮೊದಲೇ ನೋಡ್ಕೋ.

ಉಳಿದ ದುಡ್ಡಿಗೆ ಮುಳ್ಳಿನ ಮೊನೆ ಇರುವ ಫೈಬರ್‌ಗ್ಲಾಸ್ ಬಾಣ ಮೂರು ತರಿಸು. ಬಾಣದ ಜೊತೆ ಸೇಫ್ಟಿ ಸ್ಲೈಡ್ ಬರಬೇಕು, ಇದನ್ನು ತಮ್ಮನಿಗೆ ಎರಡು ಸಲ ಹೇಳು. ಅದು ಬಾಣದ ಮೇಲೆ ಹಿಂದೆ ಮುಂದೆ ಜಾರುವ ಪುಟ್ಟ ತುಂಡು. ದಾರವನ್ನು ಅದಕ್ಕೆ ಕಟ್ಟುತ್ತಾರೆ. ಬಿಲ್ಲು ಎಳೆದಾಗ ಅದು ಮುಂದೆ, ಹಿಡಿಯ ಹತ್ತಿರ ಇರುತ್ತದೆ, ಬಾಣ ಹೊರಟ ಮೇಲೆ ಹಿಂದಕ್ಕೆ ಜಾರುತ್ತದೆ. ಹಳೇ ಪದ್ಧತಿಯಲ್ಲಿ ಬಾಣದ ಹಿಂಬದಿಗೆ ತೂತು ಹಾಕಿ ದಾರ ಕಟ್ಟುತ್ತಿದ್ದರು. ಆಗ ದಾರ ಹೆದೆಗೆ ಸುತ್ತಿಕೊಳ್ಳುವ ಸಾಧ್ಯತೆ ಇರುತ್ತಿತ್ತು. ಹೆದೆಗೆ ಸಿಕ್ಕಿದ ದಾರ ಬಾಣವನ್ನು ಹೊಡೆದವನ ಕಡೆಗೇ ತಿರುಗಿಸುತ್ತದೆ. ಇಲ್ಲಿ ಜನರಿಗೆ ಪೆಟ್ಟಾದದ್ದು ಬಹಳ ಸಲ ಹೀಗೆಯೇ.

ಗಾಗಲ್ಸ್ ಪೋಲರೈಸ್ಡ್ ಇರಲಿ. ನೀರಿನ ಮೇಲಿನ ಹೊಳಪು ಕಡಿಯುತ್ತದೆ. ಕಲಬುರಗಿಯ ಬಿಸಿಲಿಗೆ ಹೇಗೂ ಬೇಕು. ರೀಲ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡ ಅನ್ನುತ್ತೇನೆ.

ಎರಡನೇ ಪ್ರಶ್ನೆ. ಬೆಳಕು ನೀರಿನಿಂದ ಹೊರಗೆ ಬರುವಾಗ ಬಾಗುತ್ತದೆ, ಹಾಗಾಗಿ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೆ ನಾಲ್ಕು ಅಡಿ ಆಳದ ಮೀನು ಮೂರು ಅಡಿಯಲ್ಲಿ ಇದ್ದ ಹಾಗೆ ಕಾಣುತ್ತದೆ. ಓರೆಯಾಗಿ ನೋಡಿದಷ್ಟೂ ಮೋಸ ಜಾಸ್ತಿ. ಇಲ್ಲಿನವರ ಬಾಯಿಲೆಕ್ಕ ಒಂದಿದೆ: ಮೀನು 10 ಅಡಿ ದೂರ, 1 ಅಡಿ ಆಳ ಇದ್ದರೆ 4 ಇಂಚು ಕೆಳಗೆ ಹೊಡಿ. ದೂರ ಎರಡರಷ್ಟಾದರೆ 8 ಇಂಚು, ಆಳ ಎರಡರಷ್ಟಾದರೂ 8 ಇಂಚು. ಲೆಕ್ಕ ಪಕ್ಕಾ ಏನಲ್ಲ, ಕೈ ಕೂರುವವರೆಗೆ ಸಾಕು. ಹೊಸಬರೆಲ್ಲ ಮೀನಿನ ಮೇಲಿಂದಲೇ ಬಾಣ ದಾಟಿಸುತ್ತಾರೆ. ಮೂರು ನಾಲ್ಕು ಅಡಿಗಿಂತ ಆಳಕ್ಕೆ ಹೊಡೆಯಲು ಹೋಗಬೇಡ, ನೀರು ಬಾಣದ ಕಸುವು ತಿನ್ನುತ್ತದೆ.

ಯಾದಗಿರಿ ಗಾಳ:

ಬೆಂಡು ಹಾಕಿ ಅಭ್ಯಾಸ ಮಾಡು ತಮ್ಮಾ. ಹಳೇ ಚಪ್ಪಲಿಯ ಅಟ್ಟೆಗೆ ಕಲ್ಲು ಕಟ್ಟಿ ಎರಡು ಅಡಿ ನೀರಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ಆದರೆ ಫರ್ಸಿ ಮೇಲೆ ಬೇಡ, ಮಣ್ಣಿನ ತಳ ಇರುವ ಕಡೆ. ಡ್ರಮ್ ವಿಷಯ ನಾನು ಇನ್ನೂ ಒಪ್ಪಿಲ್ಲ, ಅಷ್ಟು ಹೊತ್ತು ಸುತ್ತುತ್ತಾ ಕೂರುವುದು ನನ್ನ ಕೈಲಿ ಆಗುವ ಕೆಲಸ ಅಲ್ಲ. ಖಣಿಗೆ ಸರಿ ಅಂತ ಒಪ್ಪುತ್ತೇನೆ.

ಭೀಮಾ ದಂಡೆ:

ಕೈಯಲ್ಲಿ ದಾರ ಸುತ್ತಲು ಬೇಜಾರು ಅನ್ನುವವನು ಒಂದು ಸಲ ಬಲೆ ಬಿಡಿಸಲು ಬಾ. ಕರ್ಕಿ, ಮುಳ್ಳು, ಏಡಿ ಎಲ್ಲಾ ಬಿಡಿಸಿ ಮಡಿಸುವಷ್ಟರಲ್ಲಿ ಹೊತ್ತು ಏರಿರುತ್ತದೆ.

ಸೇಡಂ ರೋಡ್:

ಸರಿ, ಡ್ರಮ್ ಅಂತ ತಮ್ಮನಿಗೆ ಹೇಳಿದೆ. ಮೂರು ಬಾಣ, ಸ್ಲೈಡ್, ಗಾಗಲ್ಸ್. "ಇಷ್ಟೇನಾ?" ಅಂದ. ಬಿಲ್ಲು–ಬಾಣದ ಸಾಮಾನು ಕೈಚೀಲದಲ್ಲಿ ತರಬೇಡ, ಲಗೇಜಿಗೆ ಹಾಕು ಅಂತಲೂ ಹೇಳಿದೆ. ಬಿಲ್ ಇಟ್ಕೋ ಅಂದಿದ್ದೇನೆ.

ದಾರ ಎಷ್ಟು ಗಜ ಹಾಕಲಿ? ಹೇಗೆ ಸುತ್ತಬೇಕು?

ಆಳಂದ–ಹ್ಯೂಸ್ಟನ್:

15ರಿಂದ 20 ಗಜ ಸಾಕು. ಖಣಿಯಲ್ಲಿ ಅದಕ್ಕಿಂತ ದೂರದ ಮೀನಿಗೆ ನೀನು ಹೊಡೆಯುವುದೂ ಇಲ್ಲ, ಹೊಡೆದರೂ ಬೀಳುವುದಿಲ್ಲ. ಡ್ರಮ್ಮಿನ ಒಳ ತುದಿಗೆ ಗಟ್ಟಿ ಗಂಟು ಹಾಕು. ಮೊದಲು ದಾರ ಪೂರ್ತಿ ನೀರಿನಲ್ಲಿ ನೆನೆಸು. ಒಣ ದಾರ ಉಬ್ಬಿ ಸುರುಳಿ ಒಂದರ ಮೇಲೊಂದು ಕಚ್ಚಿಕೊಳ್ಳುತ್ತದೆ, ನೆನೆದದ್ದು ಸಪಾಟಾಗಿ ಕೂರುತ್ತದೆ. ಬಿಲ್ಲಿನ ಕಡೆಯಿಂದ ಶುರು ಮಾಡಿ ಮುಂದಿನ ಅಂಚಿಗೆ ಬಾ, ಮತ್ತೆ ಹಿಂದೆ ಹೋಗಬೇಡ. ಬಿಗಿದು ಸುತ್ತಬೇಡ, ಜೋತಾಡುವಷ್ಟು ಸಡಿಲವೂ ಬೇಡ. ಕೊನೆಯಲ್ಲಿ ದಾರ ಜಾರದ ಹಾಗೆ ಡ್ರಮ್ಮಿಗೆ ಒಂದು ಕ್ಲಿಪ್ ಇರುತ್ತದೆ, ಅದಕ್ಕೆ ಸಿಕ್ಕಿಸು. ಬಾಣದ ಎಳೆತಕ್ಕೆ ತಾನೇ ಬಿಟ್ಟುಕೊಳ್ಳುತ್ತದೆ.

ಬಾಣ ಬಿಡುವ ಮೊದಲು ದಾರ ಮೊಣಕೈಗೆ, ಅಂಗಿ ಗುಂಡಿಗೆ, ಗಡಿಯಾರಕ್ಕೆ ಸಿಕ್ಕಿಲ್ಲ ಅಂತ ಒಮ್ಮೆ ನೋಡು. ಪ್ರತಿ ಸಲ ಖಣಿಯಿಂದ ಬಂದ ಮೇಲೆ ಬಾಣದ ಕಡೆಯ ಎರಡು ಗಜ ದಾರವನ್ನು ಬೆರಳ ಸಂದಿಯಲ್ಲಿ ಎಳೆದು ನೋಡು. ಎಲ್ಲಾದರೂ ತರಿ ತರಿ ಅನಿಸಿದರೆ ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕು. ಜಿಪುಣತನ ಮಾಡಬೇಡ, ದಾರ ಅಗ್ಗ.

ಬೀದರ್ ಮೀನು ಮೇಷ್ಟ್ರು:

ಅರ್ಜಿಯಲ್ಲಿ ಸರ್ವೆ ನಂಬರ್, ಮಾಲೀಕರ ಒಪ್ಪಿಗೆ ಪತ್ರ, ಯಾವ ಜಾತಿ ಮೀನು ಅಂತ ಬರೆಯಿರಿ. ಜಿಲೇಬಿ ಮಾತ್ರ ಅಂತ ಸ್ಪಷ್ಟವಾಗಿ ಹಾಕಿ. ಸ್ವೀಕೃತಿ ಸೀಲ್ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.

ವಾಡಿ ಜಂಕ್ಷನ್:

ಈ ವರ್ಷ ಮಳೆ ಜಾಸ್ತಿ, ಮೇಲಿನ ಮೆಟ್ಟಿಲು ಇನ್ನೂ ಆಳದಲ್ಲಿದೆ. ತಮ್ಮ ಡಿಸೆಂಬರ್‌ನಲ್ಲಿ ಬಂದರೂ ಖಣಿಗೆ ಜನವರಿ ಕೊನೆಗೆ ಬನ್ನಿ, ನೀರು ಇಳಿದಿರುತ್ತದೆ, ಅಷ್ಟರಲ್ಲಿ ಅರ್ಜಿಗೂ ಉತ್ತರ ಬಂದಿರಬಹುದು. ಬೆಳಗ್ಗೆ ಹತ್ತು ಗಂಟೆ ಮೇಲೆ ಬನ್ನಿ, ಸೂರ್ಯ ಏರಿದ ಮೇಲೆಯೇ ತಳ ಕಾಣುವುದು. ಹಗ್ಗ, ಟ್ಯೂಬ್ ನಾನು ತರುತ್ತೇನೆ. ಬೀಸು ಬಲೆಯೂ ತರುತ್ತೇನೆ. ನಿಮ್ಮ ಬಾಣಕ್ಕೆ ಬೀಳಲಿ ಬಿಡಲಿ, ಮಧ್ಯಾಹ್ನಕ್ಕೆ ಜೋಳದ ರೊಟ್ಟಿ ಜೊತೆ ಮೀನಿನ ಸಾರು ಆಗಬೇಕಲ್ವಾ.